ಆರ್ಕೆಸ್ಟ್ರಲ್ ಪಾಪ್ ಎಂದರೇನು? ನಮ್ಮ ಕಡೆಯ ‘ಆರ್ಕೆಸ್ಟ್ರಾ’ಕ್ಕೂ ಅದಕ್ಕೂ ಏನಾದರೂ ಸಂಬಂಧವಿದೆಯೇ?

ಗಂಗಾವತಿ_ಕೀಬೋರ್ಡ್

ಎಲ್ಲರಿಗೂ ನಮಸ್ಕಾರ. ನಾನು 19 ವರ್ಷಗಳಿಂದ ರಸಮಂಜರಿ ತಂಡವೊಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದೇನೆ. ಕೊಪ್ಪಳದ ಗವಿಮಠದ ಜಾತ್ರೆಯ ದಿನಗಳಿಂದ ಹಿಡಿದು ಬೇಸಿಗೆಯ ಮದುವೆಗಳು ಮುಗಿಯುವವರೆಗೆ ನಮಗೆ ಬಿಡುವಿರುವುದಿಲ್ಲ. ಮತ್ತೆ ಗಣಪತಿ ಹಬ್ಬಕ್ಕೆ ಕೆಲಸ ಶುರುವಾಗುತ್ತದೆ. ನಮ್ಮ ಸೀಮೆಯಲ್ಲಿ ‘ಊರಿಗೆ ಆರ್ಕೆಸ್ಟ್ರಾ ಬಂದಿದೆ’ ಎಂದರೆ ಎರಡು ಕೀಬೋರ್ಡು, ಒಂದು ರಿದಂ ಪ್ಯಾಡು, ಒಂದು ಢೋಲಕು, ನಾಲ್ಕೈದು ಜನ ಗಾಯಕರು ಮತ್ತು ಅವರೆಲ್ಲರಿಗಿಂತ ಹೆಚ್ಚು ಹೊತ್ತು ಮೈಕು ಹಿಡಿದಿರುವ ಒಬ್ಬ ನಿರೂಪಕ ಬಂದಿದ್ದಾರೆ ಎಂದೇ ಅರ್ಥ. ಆ ಪದಕ್ಕೆ ಬೇರೆ ಅರ್ಥವೂ ಇದೆಯೆಂದು ಗೊತ್ತಿತ್ತು. ಆದರೆ ಅದಕ್ಕಾಗಿ ಎಂದೂ ತಲೆ ಕೆಡಿಸಿಕೊಂಡಿರಲಿಲ್ಲ.

ಬಳ್ಳಾರಿಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಮೊನ್ನೆ ರಜೆಗೆ ಬಂದವಳು ಮೊಬೈಲಿನಲ್ಲಿ ಒಂದು ಹಳೆಯ ಇಂಗ್ಲಿಷ್ ಹಾಡು ಹಾಕಿ, “ಮಾಮಾ, ಇದಕ್ಕೆ ಆರ್ಕೆಸ್ಟ್ರಲ್ ಪಾಪ್ ಅಂತಾರೆ. ನೀವು ಆರ್ಕೆಸ್ಟ್ರಾದವರಲ್ಲವೇ, ನುಡಿಸಿ ನೋಡೋಣ” ಎಂದಳು. ಹಾಡು ಎರಡು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಇರಬಹುದು. ಡ್ರಮ್ ಇಲ್ಲ, ಗಿಟಾರ್ ಇಲ್ಲ. ಕಮಾನು ಹಾಕಿ ನುಡಿಸುವ ವಾದ್ಯಗಳು ಮಾತ್ರ, ಕತ್ತರಿ ಹಾಕಿದ ಹಾಗೆ ತುಂಡು ತುಂಡಾಗಿ ನುಡಿಯುತ್ತವೆ. ಯಾರೋ ಒಂಟಿ ಹೆಂಗಸಿನ ಕಥೆ. ನಾನು ಸ್ಟ್ರಿಂಗ್ಸ್ ಟೋನ್ ಹಾಕಿ, ಕಾರ್ಡುಗಳನ್ನು (ಒಟ್ಟಿಗೆ ಒತ್ತುವ ಸ್ವರಗುಚ್ಛಗಳನ್ನು) ಹುಡುಕಿ, ಅರ್ಧ ಗಂಟೆಯಲ್ಲಿ ಪೂರ್ತಿ ಹಾಡು ನುಡಿಸಿ ತೋರಿಸಿದೆ. ಅವಳು ಕೇಳಿ, “ಸ್ವರವೆಲ್ಲ ಸರಿಯಿದೆ ಮಾಮಾ, ಆದರೆ ಅಲ್ಲಿ ನಾಲ್ಕಾರು ಮಂದಿ ಜಗಳ ಆಡುತ್ತಿದ್ದಾರೆ, ಇಲ್ಲಿ ಒಬ್ಬರೇ ಮಲಗಿದ್ದಾರೆ” ಎಂದಳು. ಆ ಮಾತು ನನಗೆ ಇನ್ನೂ ಅರಗಿಲ್ಲ.

ಹಾಗಾಗಿ ತಿಳಿದವರನ್ನು ಕೇಳುತ್ತಿದ್ದೇನೆ. ಪಾಪ್ ಹಾಡಿಗೆ ಇಂಥ ದೊಡ್ಡ ವಾದ್ಯಮೇಳವನ್ನು ಜೋಡಿಸುವ ರೂಢಿ ಎಲ್ಲಿಂದ ಬಂತು? ಈಗ ಅದು ಮತ್ತೆ ಚಾಲ್ತಿಗೆ ಬಂದಿದೆ ಎಂದು ಅವಳು ಹೇಳುತ್ತಾಳೆ. ಅದು ನಿಜವೋ ಅಥವಾ ಕಂಪ್ಯೂಟರಿನಲ್ಲಿ ಮಾಡಿದ್ದನ್ನೇ ಹಾಗೆ ಕರೆಯುತ್ತಿದ್ದಾರೋ? ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಡು ಸರಿಯಾಗಿದ್ದೂ ನಾನು ನುಡಿಸಿದ್ದು ಏಕೆ ಮಲಗಿತು?

ಕೌಲ್‌ಬಜಾರ್_ಪಿಟೀಲು

ನಿಮ್ಮ ಅಕ್ಕನ ಮಗಳ ಕಿವಿ ಬಹಳ ಸೂಕ್ಷ್ಮವಾಗಿದೆ. ಅವಳ ಮಾತಿನಿಂದ ಬೇಸರಿಸಿಕೊಳ್ಳಬೇಡಿ. ನೀವು ವರ್ಣಿಸಿದ ಹಾಡು ಬೀಟಲ್ಸ್ ತಂಡದ 1966ರ ‘ಎಲಿನೋರ್ ರಿಗ್ಬಿ’ ಆಗಿರಬೇಕು. ಅಲ್ಲಿ ಜಗಳ ಆಡುತ್ತಿರುವವರು ಎಂಟು ಮಂದಿ: ನಾಲ್ಕು ವಯಲಿನ್, ಅದಕ್ಕಿಂತ ತುಸು ದೊಡ್ಡದಾದ ವಯೋಲಾ ಎರಡು, ಕೆಳಗಿನ ಸ್ವರಗಳ ದೊಡ್ಡ ಚೆಲೊ ಎರಡು. ತಂಡದ ನಾಲ್ವರಲ್ಲಿ ಒಬ್ಬರೂ ಆ ಹಾಡಿನಲ್ಲಿ ವಾದ್ಯ ಮುಟ್ಟಿಲ್ಲ, ಹಾಡಿದ್ದಾರೆ ಅಷ್ಟೇ. ವಾದ್ಯಗಳಿಗೆ ಸ್ವರ ಬರೆದವರು ನಿರ್ಮಾಪಕ ಜಾರ್ಜ್ ಮಾರ್ಟಿನ್. ಸಿನಿಮಾ ಸಂಗೀತಗಾರ ಬರ್ನಾರ್ಡ್ ಹರ್ಮನ್‌ನ ಪ್ರಭಾವ ಅದರ ಮೇಲಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಧ್ವನಿಮುದ್ರಣ ಮಾಡಿದ ಜೆಫ್ ಎಮೆರಿಕ್ ಮೈಕುಗಳನ್ನು ತಂತಿಗಳಿಗೆ ತಾಗುವಷ್ಟು ಹತ್ತಿರ ತಂದಿಟ್ಟರು. ಆ ಕಾಲದಲ್ಲಿ ವಯಲಿನ್ ನುಡಿಸುವವರಿಗೆ ಮೈಕು ತಲೆಯ ಮೇಲೆ ನಾಲ್ಕಾರು ಅಡಿ ಎತ್ತರದಲ್ಲಿ ತೂಗುವುದು ವಾಡಿಕೆಯಾಗಿತ್ತು. ಕಮಾನಿನ ಕೊರೆತವೂ ದಾಖಲಾಗುತ್ತದೆ ಎಂಬ ಅಂಜಿಕೆಯಿಂದ ವಾದಕರು ಪ್ರತಿ ಟೇಕಿಗೂ ಮೊದಲು ಕುರ್ಚಿಯನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸುತ್ತಿದ್ದರಂತೆ. ಕೊನೆಗೆ ಮಾರ್ಟಿನ್ ಅವರೇ ಮುಂದೆ ಬರುವಂತೆ ಹೇಳಬೇಕಾಯಿತು. ನೀವು ‘ಕತ್ತರಿ ಹಾಕಿದ ಹಾಗೆ’ ಎಂದಿರಲ್ಲ, ಅದು ಆ ಹತ್ತಿರದ ಮೈಕು ಮತ್ತು ಗಿಡ್ಡ ಕಮಾನು ಎರಡೂ ಸೇರಿ ಹುಟ್ಟಿಸಿದ ಸದ್ದು.

ಈಗ ನಿಮ್ಮ ಮೂರನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕೀಬೋರ್ಡಿನ ಸ್ಟ್ರಿಂಗ್ಸ್ ಟೋನನ್ನು ಬಹುಪಾಲು ಹಿಂದೆ ಹಾಸುವುದಕ್ಕೆಂದೇ ಮಾಡಿರುತ್ತಾರೆ. ಒತ್ತಿದ ಮೇಲೆ ಮೆಲ್ಲಗೆ ಏರುತ್ತದೆ, ಬೆರಳು ತೆಗೆಯುವವರೆಗೂ ಒಂದೇ ಸಮನೆ ಉಳಿಯುತ್ತದೆ. ಆದರೆ ತಪ್ಪು ಟೋನಿನದಷ್ಟೇ ಅಲ್ಲ. ನಾವು ಮೂರು ಬೆರಳಿಟ್ಟು ಒಂದು ಕಾರ್ಡ್ ಒತ್ತಿ, ಎತ್ತಿ, ಇನ್ನೊಂದು ಕಾರ್ಡಿನ ಮೇಲೆ ಇಡುತ್ತೇವೆ. ಮೂರೂ ಸ್ವರಗಳು ಒಂದೇ ಹಗ್ಗಕ್ಕೆ ಕಟ್ಟಿದ ಎತ್ತುಗಳಂತೆ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಕೂರುತ್ತವೆ. ಅಲ್ಲಿ ಹಾಗಲ್ಲ. ಚೆಲೊ ಒಂದೇ ಸ್ವರವನ್ನು ಹಿಡಿದು ಗುದ್ದುತ್ತಿರುವಾಗ ವಯೋಲಾ ಅರ್ಧ ಅರ್ಧ ಸ್ವರ ಕೆಳಗಿಳಿಯುತ್ತದೆ, ವಯಲಿನ್ ಹಾಡಿನ ಸಾಲು ಮುಗಿದ ಮೇಲೆ ಉತ್ತರ ಕೊಡುತ್ತದೆ. ಪ್ರತಿಯೊಬ್ಬರಿಗೂ ಅವರದೇ ಸಾಲು, ಅವರದೇ ಹಾಳೆ. ಆ ಹಾಳೆಗಳನ್ನು ಬರೆಯುವವನನ್ನು ನಾವು ಸ್ಟುಡಿಯೋದಲ್ಲಿ ಅರೇಂಜರ್ ಎನ್ನುತ್ತಿದ್ದೆವು.

ಇನ್ನು ಮೂಲದ ಮಾತು. ಪಾಪ್ ಹಾಡಿಗೆ 1960ರ ದಶಕದಲ್ಲಿ ಇದ್ದಕ್ಕಿದ್ದಂತೆ ಆರ್ಕೆಸ್ಟ್ರಾ ಬಂತು ಎಂದು ಹಲವರು ಬರೆಯುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರ್ಧ ಸತ್ಯ. ಅದಕ್ಕೂ ಮೊದಲು ಆರ್ಕೆಸ್ಟ್ರಾ ಇಲ್ಲದ ಜನಪ್ರಿಯ ಹಾಡೇ ಅಪರೂಪವಾಗಿತ್ತು. 1950ರ ದಶಕದಲ್ಲಿ ಅಮೆರಿಕದ ಗಾಯಕ ಫ್ರ್ಯಾಂಕ್ ಸಿನಾತ್ರಾ ಹಾಡಿದರೆ ಹಿಂದೆ ನೆಲ್ಸನ್ ರಿಡಲ್ ಬರೆದ ಪೂರ್ಣ ವಾದ್ಯಮೇಳ ಇರುತ್ತಿತ್ತು. ರಾಕ್ ಅಂಡ್ ರೋಲ್ ಬಂದು ಅದನ್ನೆಲ್ಲ ಬದಿಗೆ ಸರಿಸಿ, ಮೂರು ನಾಲ್ಕು ಜನ ಹುಡುಗರಿಗೆ ಗಿಟಾರು ಡ್ರಮ್ಮು ಕೊಟ್ಟು ಕಳಿಸಿತು. ಹಾಗೆ ಹೋದದ್ದು ಬಹಳ ಬೇಗ ಮರಳಿತು. 1958ರ ಅಕ್ಟೋಬರಿನಲ್ಲಿ ರಾಕ್ ಗಾಯಕ ಬಡ್ಡಿ ಹಾಲಿ ನ್ಯೂಯಾರ್ಕಿನಲ್ಲಿ ಡಿಕ್ ಜೇಕಬ್ಸ್‌ನ ತಂತಿವಾದ್ಯಗಳ ಮೇಳದೊಂದಿಗೆ ಹಾಡಿದ. ಮೂರೂವರೆ ತಿಂಗಳಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಮರುವರ್ಷ ಲೈಬರ್ ಮತ್ತು ಸ್ಟೋಲರ್ ಎಂಬ ಜೋಡಿ ಡ್ರಿಫ್ಟರ್ಸ್ ಎಂಬ ಕಪ್ಪು ಗಾಯಕರ ತಂಡದ ಹಾಡಿಗೆ ತಂತಿವಾದ್ಯಗಳನ್ನು ಕೂಡಿಸಿತು. ಬಳಿಕ ನಿರ್ಮಾಪಕ ಫಿಲ್ ಸ್ಪೆಕ್ಟರ್ ಲಾಸ್ ಏಂಜಲೀಸಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ, ಕಾಲಿಡಲು ಜಾಗವಿಲ್ಲದಷ್ಟು ವಾದಕರನ್ನು ತುಂಬಿ, ಒಂದೇ ಸಾಲನ್ನು ಹಲವು ಗಿಟಾರು ಪಿಯಾನೊಗಳಲ್ಲಿ ನುಡಿಸಿ, ಪ್ರತಿಧ್ವನಿಯ ಕೋಣೆಯಿಂದ ಹಾಯಿಸಿ ಒಂದು ಗೋಡೆಯನ್ನೇ ಕಟ್ಟಿದ. ಅದನ್ನು ಕೇಳಿ ಮರುಳಾದ ಬ್ರಯಾನ್ ವಿಲ್ಸನ್ ಅದೇ ಊರಿನ ವಾದಕರನ್ನು ಕೂರಿಸಿಕೊಂಡು 1966ರಲ್ಲಿ ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಆಲ್ಬಂ ಮಾಡಿದ. ಸ್ಪೆಕ್ಟರನದು ಗೋಡೆಯಾದರೆ ವಿಲ್ಸನ್‌ನದು ಕಿಟಕಿಗಳಿರುವ ಮನೆ. ಫ್ರೆಂಚ್ ಹಾರ್ನ್, ಅಕಾರ್ಡಿಯನ್, ಗೆಜ್ಜೆ ಎಲ್ಲವೂ ಬೇರೆಬೇರೆಯಾಗಿ ಕೇಳಿಸುತ್ತವೆ. ಅದೇ ವರ್ಷ ಲೆಫ್ಟ್ ಬ್ಯಾಂಕ್ ಎಂಬ ತಂಡ ಹಾರ್ಪ್ಸಿಕಾರ್ಡು ಎಂಬ, ಪಿಯಾನೊಕ್ಕಿಂತ ಹಳೆಯ ಕೀ ವಾದ್ಯ ಬಳಸಿ ಹೆಸರು ಮಾಡಿತು. ಆ ಬಗೆಯ ಹಾಡುಗಳಿಗೆ ‘ಬರೋಕ್ ಪಾಪ್’ ಎಂಬ ಹೆಸರಿದೆ.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು 1967ರ ಫೆಬ್ರವರಿ 10ರ ಒಂದು ಸಂಜೆ. ಬೀಟಲ್ಸ್ ತಂಡದ ‘ಎ ಡೇ ಇನ್ ದ ಲೈಫ್’ ಹಾಡಿನ ನಡುವೆ 24 ಬಾರುಗಳಷ್ಟು (ತಾಳದ 24 ಸುತ್ತುಗಳಷ್ಟು) ಜಾಗ ಖಾಲಿ ಉಳಿದಿತ್ತು. 40 ಜನ ವಾದಕರನ್ನು ಕರೆಸಿ, ನಿಮ್ಮ ವಾದ್ಯದ ತೀರಾ ಕೆಳಗಿನ ಸ್ವರದಿಂದ ಹೊರಟು 24ನೆಯ ಬಾರಿನ ಹೊತ್ತಿಗೆ ತೀರಾ ಮೇಲಕ್ಕೆ ಮುಟ್ಟಬೇಕು, ಆದರೆ ಪಕ್ಕದವನು ಎಲ್ಲಿದ್ದಾನೆಂದು ನೋಡಬಾರದು ಎಂದರು. ಒಟ್ಟಿಗೆ ನುಡಿಸುವುದನ್ನೇ ಜೀವಮಾನವಿಡೀ ಕಲಿತವರಿಗೆ ಇದಕ್ಕಿಂತ ಕಷ್ಟದ ಆಜ್ಞೆ ಬೇರೊಂದಿಲ್ಲ. ಅದನ್ನು ನಾಲ್ಕು ಸಲ ಮುದ್ರಿಸಿ ಒಂದರ ಮೇಲೊಂದು ಹಾಕಿದರು; 160 ಜನರ ಸದ್ದಾಯಿತು. ವಯಲಿನ್ ಹಿಡಿದು ಹಿಂದಿನ ಸಾಲಿನಲ್ಲಿ ಕೂತವರಿಗೆ ಮಾತ್ರ ಆ ಜಾಗ ಎಷ್ಟು ಭಯಂಕರ ಎಂದು ಗೊತ್ತಾಗುತ್ತದೆ.

ನಾನೂ ಹಾಗೆ ಕೂತವನೇ. 1984ರಿಂದ ಆರು ವರ್ಷ ಮದ್ರಾಸಿನ ಸ್ಟುಡಿಯೋಗಳಲ್ಲಿ ಕಾಲ್‌ಶೀಟ್ ಲೆಕ್ಕದಲ್ಲಿ ನುಡಿಸಿದೆ. ಒಂದು ದಿನ ನಾವು 14 ಜನ ವಯಲಿನ್‌ನವರು ಬೆಳಿಗ್ಗೆ ಹೋದಾಗ, ಇಂದು ನಾಲ್ವರು ಸಾಕು, ಉಳಿದದ್ದನ್ನು ಕೀಬೋರ್ಡಿನಲ್ಲಿ ತುಂಬಿಸುತ್ತೇವೆ ಎಂದರು. ನಾಲ್ವರಲ್ಲಿ ನಾನಿರಲಿಲ್ಲ. ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಪೆಟ್ಟಿಗೆ ಎತ್ತಿಕೊಂಡು ಬಂದೆವು.

ಗಂಗಾವತಿ_ಕೀಬೋರ್ಡ್

ಪಿಟೀಲು ಗುರುಗಳಿಗೆ ನಮಸ್ಕಾರ. ಕೊನೆಯ ಮಾತು ಓದಿ ಸ್ವಲ್ಪ ಮುಜುಗರವಾಯಿತು, ಏಕೆಂದರೆ ನಿಮ್ಮ ಹತ್ತು ಜನರ ಜಾಗದಲ್ಲಿ ಕೂತ ಪೀಳಿಗೆಯವನೇ ನಾನು. ಇಷ್ಟು ವರ್ಷ ಆ ಟೋನು ಒತ್ತುವಾಗ ಅದು ಯಾರ ಕುರ್ಚಿ ಎಂದು ಯೋಚಿಸಿರಲಿಲ್ಲ.

ಇನ್ನೊಂದು ಸಣ್ಣ ಪ್ರಶ್ನೆ. ನಮ್ಮ ಎಲ್ಲ ಕೀಬೋರ್ಡುಗಳಲ್ಲೂ ‘ಆರ್ಕೆಸ್ಟ್ರಾ ಹಿಟ್’ ಎಂಬ ಒಂದು ಟೋನ್ ಇರುತ್ತದೆ. ಹೀರೋ ಹಾಡು ಶುರುವಾಗುವಾಗ, ನಿರೂಪಕ ಅತಿಥಿಗಳ ಹೆಸರು ಕೂಗುವಾಗ ‘ಢಂ’ ಎಂದು ಒತ್ತುತ್ತೇವೆ. ಅದಕ್ಕೂ ಈ ಕಥೆಗೂ ನಂಟಿದೆಯೇ?

ರಾಯಚೂರು_ಮಿಕ್ಸಿಂಗ್

ಅಣ್ಣಾ, ಆ ‘ಢಂ’ ಎಂಬುದಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1979ರಲ್ಲಿ ಫೇರ್‌ಲೈಟ್ ಎಂಬ ಯಂತ್ರ ಸಿದ್ಧವಾಯಿತು. ನಿಜವಾದ ಸದ್ದನ್ನು ಅಂಕಿಗಳಾಗಿ ಹಿಡಿದಿಟ್ಟು ಕೀಗಳಲ್ಲಿ ನುಡಿಸುವ ಮೊದಲ ಯಂತ್ರಗಳಲ್ಲಿ ಅದೂ ಒಂದು. ಅದರ ಜೊತೆಗೆ ಬರುತ್ತಿದ್ದ ಸದ್ದುಗಳಲ್ಲಿ ಒಂದು, ರಷ್ಯನ್ ಸಂಗೀತಗಾರ ಸ್ಟ್ರಾವಿನ್‌ಸ್ಕಿಯ 1910ರ ನೃತ್ಯರೂಪಕ ‘ಫೈರ್‌ಬರ್ಡ್’ನ ಧ್ವನಿಮುದ್ರಿಕೆಯಿಂದ ಎತ್ತಿದ, ಇಡೀ ಆರ್ಕೆಸ್ಟ್ರಾ ಒಮ್ಮೆಲೇ ಗುದ್ದುವ ಒಂದು ಕಾರ್ಡು. 1982ರಲ್ಲಿ ನ್ಯೂಯಾರ್ಕಿನ ಹಿಪ್‌ಹಾಪ್‌ನವರು ಅದನ್ನು ಬಳಸಿದ ಮೇಲೆ ಜಗತ್ತೆಲ್ಲ ಹಬ್ಬಿತು. 1991ರಲ್ಲಿ ಎಲ್ಲ ಕಂಪನಿಯ ಕೀಬೋರ್ಡುಗಳಿಗೂ ಒಂದೇ ಕ್ರಮದ 128 ಟೋನುಗಳ ಪಟ್ಟಿಯನ್ನು ಗೊತ್ತು ಮಾಡಿದರು; ಅದರಲ್ಲಿ 49 ಸ್ಟ್ರಿಂಗ್ಸ್, 56 ಆರ್ಕೆಸ್ಟ್ರಾ ಹಿಟ್. ಅಂದರೆ ಜಾತ್ರೆಯ ವೇದಿಕೆಯಲ್ಲಿ ತಾಲ್ಲೂಕು ಪಂಚಾಯಿತಿ ಸದಸ್ಯರ ಹೆಸರು ಕೂಗಿದಾಗ ನೀವು ಒತ್ತುವುದು ಸ್ಟ್ರಾವಿನ್‌ಸ್ಕಿಯ ಮೊಮ್ಮಗನನ್ನು.

ಯಂತ್ರಗಳ ಕಥೆ ಅದಕ್ಕೂ ಹಳೆಯದು. 1963ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೆಲೊಟ್ರಾನ್ ಬಂತು. ಪ್ರತಿ ಕೀಗೂ ಒಂದೊಂದು ಟೇಪು, ಅದರ ಮೇಲೆ ನಿಜವಾದ ವಾದ್ಯದ ಸುಮಾರು 8 ಸೆಕೆಂಡಿನ ಸದ್ದು. ಬೆರಳು ಒತ್ತಿಯೇ ಇದ್ದರೆ ಎಂಟನೆಯ ಸೆಕೆಂಡಿಗೆ ಟೇಪು ಮುಗಿದು ಮೌನ! 1970ರ ದಶಕದಲ್ಲಿ ಟೇಪಿಲ್ಲದ ಸ್ಟ್ರಿಂಗ್ಸ್ ಯಂತ್ರಗಳು ಬಂದವು, ಆಮೇಲೆ ಸಿಂಥಸೈಜರು. ಅಷ್ಟು ಹೊತ್ತಿಗೆ ದೊಡ್ಡ ಮೇಳವನ್ನು ಕೂರಿಸುವ ಖರ್ಚನ್ನು ಕಂಪನಿಗಳು ಪ್ರಶ್ನಿಸತೊಡಗಿದ್ದವು.

ಮರಳಿ ಬಂದದ್ದು ನಿಜವೇ ಎಂದು ಕೇಳಿದಿರಿ. ನಿಜ, ಆದರೆ ಒಂದೇ ದಾರಿಯಲ್ಲಿ ಬರಲಿಲ್ಲ. 1990ರ ದಶಕದಲ್ಲಿ ಗಿಟಾರಿನ ಗದ್ದಲ ಸಾಕೆನಿಸಿದವರು ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ ಮತ್ತೆ ಚೆಲೊ, ಟ್ರಂಪೆಟ್, ಕೊಳಲು ತಂದರು: ಉತ್ತರ ಐರ್ಲೆಂಡಿನ ಡಿವೈನ್ ಕಾಮಿಡಿ, ಗ್ಲಾಸ್ಗೋದ ಬೆಲ್ ಅಂಡ್ ಸೆಬಾಸ್ಟಿಯನ್, ಅಮೆರಿಕದ ಮರ್ಕ್ಯುರಿ ರೆವ್. ಇವರಿಗೆ ನಲವತ್ತು ಜನರ ಮೇಳ ಸಾಕುವ ಹಣವಿರಲಿಲ್ಲ, ಗೆಳೆಯರಲ್ಲಿ ಯಾರಿಗೆ ಏನು ಬರುತ್ತದೋ ಅದನ್ನೇ ನುಡಿಸಿದರು. ‘ಚೇಂಬರ್ ಪಾಪ್’ ಎಂಬ ಹೆಸರು ಹುಟ್ಟಿದ್ದು ಆಗ. ಇನ್ನು ಕೆಲವರು ಹಳೆಯ ಧ್ವನಿಮುದ್ರಿಕೆಯ ತುಣುಕನ್ನೇ ಕತ್ತರಿಸಿ ತಮ್ಮ ಹಾಡಿಗೆ ಅಂಟಿಸಿದರು. 1997ರಲ್ಲಿ ಇಂಗ್ಲೆಂಡಿನ ವರ್ವ್ ತಂಡ ‘ಬಿಟರ್ ಸ್ವೀಟ್ ಸಿಂಫನಿ’ ಹಾಡಿನಲ್ಲಿ ಹಾಗೆ ಮಾಡಿ ಪೆಟ್ಟು ತಿಂದಿತು. ಅವರು ತೆಗೆದುಕೊಂಡದ್ದು ರೋಲಿಂಗ್ ಸ್ಟೋನ್ಸ್ ಹಾಡೊಂದರ ಆರ್ಕೆಸ್ಟ್ರಾ ರೂಪದ ತುಣುಕು. ಪ್ರಖ್ಯಾತವಾದ ಆ ವಯಲಿನ್ ಸಾಲು ಸ್ಟೋನ್ಸ್‌ನವರ ಮೂಲ ಹಾಡಿನಲ್ಲಿ ಇರಲೇ ಇಲ್ಲ, ಅದು ಡೇವಿಡ್ ವಿಟೇಕರ್ ಎಂಬ ಅರೇಂಜರ್‌ನ ಕೆಲಸ. ಆದರೂ ವರ್ವ್ ಹಾಡಿನ ಹಕ್ಕು ಸ್ಟೋನ್ಸ್‌ನ ಜಾಗರ್ ಮತ್ತು ರಿಚರ್ಡ್ಸ್ ಹೆಸರಿಗೆ ಹೋಯಿತು. 2019ರಲ್ಲಿ ಅವರೇ ಅದನ್ನು ವರ್ವ್‌ನ ಗಾಯಕ ರಿಚರ್ಡ್ ಆಶ್‌ಕ್ರಾಫ್ಟ್‌ಗೆ ಬಿಟ್ಟುಕೊಟ್ಟರು. ಸಾಲು ಬರೆದವನ ಹೆಸರು ಎರಡು ಸಲವೂ ಲೆಕ್ಕಕ್ಕೆ ಬರಲಿಲ್ಲ.

ಪಿಟೀಲು ಗುರುಗಳು ಹೇಳಿದ ಬ್ರಯಾನ್ ವಿಲ್ಸನ್ 1967ರಲ್ಲಿ ‘ಸ್ಮೈಲ್’ ಎಂಬ ಕೃತಿಯನ್ನು ಅರ್ಧಕ್ಕೇ ಕೈಬಿಟ್ಟಿದ್ದರು. 37 ವರ್ಷಗಳ ನಂತರ, 2004ರ ಫೆಬ್ರವರಿಯಲ್ಲಿ, ಲಂಡನ್ನಿನ ವೇದಿಕೆಯ ಮೇಲೆ ಅದನ್ನು ಪೂರ್ತಿಯಾಗಿ ನುಡಿಸಿದರು. ಅದೇ ವರ್ಷ ಮಾಂಟ್ರಿಯಲ್ಲಿನ ಆರ್ಕೇಡ್ ಫೈರ್ ತಂಡ, ಮರುವರ್ಷ ಅಮೆರಿಕದ ಗಾಯಕ ಸುಫ್ಯಾನ್ ಸ್ಟೀವನ್ಸ್ ತಮ್ಮ ಮುಖ್ಯ ಆಲ್ಬಂಗಳನ್ನು ಹೊರತಂದರು. ಸ್ಟೀವನ್ಸ್ ಹಲವಾರು ವಾದ್ಯಗಳನ್ನು ತಾವೇ ನುಡಿಸಿ ಒಂದರ ಮೇಲೊಂದು ಮುದ್ರಿಸಿಕೊಂಡವರು. ನಮ್ಮಂಥ ಮನೆ ಸ್ಟುಡಿಯೋದವರಿಗೆ ಅವರೇ ಧೈರ್ಯ. ಈಗಿನವರಲ್ಲಿ ಐಸ್‌ಲ್ಯಾಂಡಿನ ಗಾಯಕಿ ಲೌವೇ ಇದ್ದಾರೆ, ಚೆಲೊ ನುಡಿಸುತ್ತಲೇ ಹಾಡುವವರು. 2024ರಲ್ಲಿ ಅವರಿಗೆ ಗ್ರ್ಯಾಮಿ ಬಂತು. ನಿಮ್ಮ ಅಕ್ಕನ ಮಗಳ ವಯಸ್ಸಿನವರು ಈ ಕಡೆ ಬಂದಿದ್ದರೆ ಅವರ ಪಾಲು ಬಹಳವಿದೆ.

ಕಂಪ್ಯೂಟರೋ ನಿಜವೋ ಎಂದರೆ ಎರಡೂ. ಬುಡಾಪೆಸ್ಟ್, ಪ್ರಾಗ್, ಉತ್ತರ ಮೆಸಿಡೋನಿಯಾದ ಸ್ಕೋಪ್ಯೆ ಈ ಊರುಗಳಲ್ಲಿ ಗಂಟೆಯ ಲೆಕ್ಕದಲ್ಲಿ ಪೂರ್ಣ ಆರ್ಕೆಸ್ಟ್ರಾ ಸಿಗುತ್ತದೆ. ನೊಟೇಶನ್ ಹಾಳೆಗಳನ್ನು ಮೇಲ್ ಮಾಡಿದರೆ ಆಯಿತು, ಅಲ್ಲಿ ಮೇಳವನ್ನು ನಡೆಸುವವನು ಕಿವಿಗೆ ಲಯದ ‘ಕ್ಲಿಕ್’ ಸದ್ದು ಹಾಕಿಕೊಂಡು ನುಡಿಸುತ್ತಾನೆ, ನೀವು ಇಲ್ಲಿ ಕೂತು ಇಂಟರ್‌ನೆಟ್ಟಿನಲ್ಲಿ ಕೇಳುತ್ತಾ ‘ಎರಡನೆಯ ವಯಲಿನ್ ಸ್ವಲ್ಪ ಮೆಲ್ಲಗೆ’ ಎನ್ನಬಹುದು. ನಮ್ಮ ದೇಶದ ಸಿನಿಮಾ ಸಂಗೀತ ನಿರ್ದೇಶಕರೂ ಹೀಗೆ ಮಾಡುತ್ತಾರೆ. ಅಷ್ಟು ಹಣವಿಲ್ಲದವರಿಗೆ ಸ್ಯಾಂಪಲ್ ಲೈಬ್ರರಿಗಳಿವೆ; ಒಂದೊಂದು ಸ್ವರವನ್ನೂ ಮೆಲ್ಲಗೆ, ಜೋರಾಗಿ, ಗಿಡ್ಡ ಕಮಾನಿನಲ್ಲಿ, ಉದ್ದ ಕಮಾನಿನಲ್ಲಿ ನಿಜವಾದ ವಾದಕರಿಂದಲೇ ನುಡಿಸಿ ಹಿಡಿದಿಟ್ಟಿರುತ್ತಾರೆ. ನಾನು ಮಾಡುವುದು ನಡುವಿನ ದಾರಿ. ಲೈಬ್ರರಿಯ ಸ್ಟ್ರಿಂಗ್ಸ್ ಕೆಳಗೆ ಹಾಸಿ, ಅದರ ಮೇಲೆ ಒಬ್ಬ ನಿಜವಾದ ವಯಲಿನ್‌ನವರನ್ನು ನಾಲ್ಕು ಸಲ ನುಡಿಸುತ್ತೇನೆ. ಪ್ರತಿ ಸಲವೂ ಕುರ್ಚಿಯನ್ನು ಎರಡು ಅಡಿ ಆಚೀಚೆ ಸರಿಸಬೇಕು, ಇಲ್ಲದಿದ್ದರೆ ನಾಲ್ವರು ಕೇಳಿಸುವುದಿಲ್ಲ, ಒಬ್ಬನೇ ದಪ್ಪಗಾದಂತೆ ಕೇಳಿಸುತ್ತದೆ. ಕಿವಿಗೆ ಮೊದಲು ತಾಗುವುದು ಆ ಒಬ್ಬನ ಕಮಾನು. ಹಿಂದಿನದು ಯಂತ್ರವೋ ಮನುಷ್ಯರೋ ಎಂದು ಹತ್ತರಲ್ಲಿ ಒಂಬತ್ತು ಜನ ಕೇಳುವುದೇ ಇಲ್ಲ.

ಮಾನ್ವಿ_ಮೇಷ್ಟ್ರು

ಇಬ್ಬರ ಬರಹವನ್ನೂ ಓದಿ ಬಹಳ ಕಲಿತೆ. ಆದರೆ ಒಂದು ತಕರಾರು ಇದೆ. ‘ಮರಳಿ ಬಂತು’ ಎನ್ನಬೇಕಾದರೆ ಮೊದಲು ಹೋಗಿರಬೇಕು. ನಮ್ಮ ಕಿವಿಗೆ ಅದು ಪೂರ್ತಿಯಾಗಿ ಹೋಗಿದ್ದು ಯಾವಾಗ? 1950ರ ದಶಕದಿಂದ ನಾವು ರೇಡಿಯೋದಲ್ಲಿ ಕೇಳುತ್ತ ಬಂದ ಸಿನಿಮಾ ಹಾಡುಗಳೆಲ್ಲ ಆರ್ಕೆಸ್ಟ್ರಲ್ ಪಾಪ್ ಅಲ್ಲದೆ ಮತ್ತೇನು? ಶಂಕರ್–ಜೈಕಿಶನ್ ಕಾಲದ ಮುಂಬಯಿ ಹಾಡುಗಳಲ್ಲಿ ಹತ್ತಾರು ವಯಲಿನ್‌ಗಳು ಒಟ್ಟಿಗೆ ಏಳುತ್ತಿದ್ದವು. ಅವುಗಳ ಹಾಳೆ ಬರೆದವರು ಹೆಚ್ಚಾಗಿ ಗೋವಾದವರು: ಸೆಬಾಸ್ಟಿಯನ್ ಡಿಸೋಜ, ಆಂಥೊನಿ ಗೊನ್ಸಾಲ್ವಿಸ್ ಮೊದಲಾದವರು. ಪೋರ್ಚುಗೀಸರ ಆಳ್ವಿಕೆಯಲ್ಲಿ ಚರ್ಚಿನ ಶಾಲೆಗಳು ಮಕ್ಕಳಿಗೆ ವಯಲಿನ್ ಮತ್ತು ಪಾಶ್ಚಾತ್ಯ ಸ್ವರಲಿಪಿ ಎರಡನ್ನೂ ಕಲಿಸುತ್ತಿದ್ದುದರಿಂದ ಆ ಕೆಲಸಕ್ಕೆ ಅವರೇ ಬೇಕಾದರು. ಹಾಡಿನ ಹೆಸರು ಸಂಗೀತ ನಿರ್ದೇಶಕನಿಗೆ, ದುಡಿಮೆ ಅರೇಂಜರ್‌ಗೆ. ರಾಯಚೂರಿನ ಗೆಳೆಯರು ಹೇಳಿದ ವಿಟೇಕರ್ ಕಥೆ ನಮ್ಮಲ್ಲಿ ದಿನನಿತ್ಯದ್ದಾಗಿತ್ತು.

ಕನ್ನಡದ ಕೊಂಡಿಯನ್ನೂ ಇಲ್ಲಿ ಹೇಳಲೇಬೇಕು. ಮೈಸೂರಿನ ಜಯಚಾಮರಾಜ ಒಡೆಯರ್ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು. ರಷ್ಯನ್ ಸಂಗೀತಗಾರ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣಗೊಂಡದ್ದು ಅವರ ಹಣದಿಂದ. ಅದು ಅರಮನೆಯ ಮಾತಾಯಿತು, ಬಿಡಿ. ಜನರ ಹಾಡಿಗೆ ಬಂದರೆ, ನಮ್ಮ ಜಿ. ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ದುಡಿದವರೇ ಇಳಯರಾಜ. 1976ರಲ್ಲಿ ಸ್ವತಂತ್ರವಾಗಿ ಸಂಗೀತ ನಿರ್ದೇಶಕರಾದ ಮೇಲೂ ಪ್ರತಿ ವಾದ್ಯದ ಸಾಲನ್ನೂ ತಾವೇ ಕಾಗದದ ಮೇಲೆ ಬರೆಯುವುದನ್ನು ಅವರು ಬಿಡಲಿಲ್ಲ. 1983ರ ‘ಪಲ್ಲವಿ ಅನುಪಲ್ಲವಿ’ಯಲ್ಲಿ ತಂತಿವಾದ್ಯಗಳು ಹಾಡನ್ನು ಹಿಂಬಾಲಿಸುವುದಿಲ್ಲ, ಪಕ್ಕದಲ್ಲಿ ಬೇರೆ ದಾರಿ ಹಿಡಿದು ನಡೆಯುತ್ತವೆ, ಇಂದು ರಾತ್ರಿ ಹೆಡ್‌ಫೋನ್ ಹಾಕಿ ಕೇಳಿ. ಅದೇ ಮನುಷ್ಯ 2025ರ ಮಾರ್ಚ್ 8ರಂದು ಲಂಡನ್ನಿನಲ್ಲಿ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದಿಂದ ತಮ್ಮ ಸಿಂಫನಿಯನ್ನು ನುಡಿಸಿದರು.

ಕೀಬೋರ್ಡಿನ ತಮ್ಮ ಕೇಳಿದ ‘ಮಲಗಿತು ಏಕೆ’ ಎಂಬುದಕ್ಕೂ ನನ್ನದೊಂದು ಉತ್ತರವಿದೆ. ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಕಂಪನಿ ನಾಟಕ ಬಂದರೆ ಪರದೆಯ ಮುಂದೆ ಕಾಲು ಹಾರ್ಮೋನಿಯಂ ನುಡಿಸುವವರ ಪಕ್ಕದಲ್ಲೇ ಕೂರುತ್ತಿದ್ದೆ. ನಟಿ ಎಲ್ಲಿ ಹೋದರೆ ಅಲ್ಲಿಗೆ ಅವರ ಬೆರಳು. ಅವಳು ಆಲಾಪವನ್ನು ಒಂದು ಸುತ್ತು ಹೆಚ್ಚು ಎಳೆದರೆ ಇವರೂ ಎಳೆಯುತ್ತಿದ್ದರು, ತಪ್ಪಿದರೆ ಇವರೂ ತಪ್ಪಿ ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಸಂಗೀತದಲ್ಲಿ ಪಕ್ಕವಾದ್ಯದವನ ಘನತೆ ಇರುವುದೇ ಈ ಅನುಸರಣೆಯಲ್ಲಿ. ನಮ್ಮ ಕೀಬೋರ್ಡಿನವರು ಆ ಪೆಟ್ಟಿಗೆಯ ಮಕ್ಕಳು. ಟೋನು ಯಾವುದಿದ್ದರೂ ಕೈ ಹಾರ್ಮೋನಿಯಂನದೇ. ಇದು ದೋಷವಲ್ಲ, ಬೇರೆ ವಿದ್ಯೆ. ಆದರೆ ಆರ್ಕೆಸ್ಟ್ರಲ್ ಪಾಪ್ ಕೇಳುವುದು ಇನ್ನೊಂದನ್ನು: ಗಾಯಕ ಕೆಳಗಿಳಿದಾಗ ನೀನು ಮೇಲೆ ಹೋಗು, ಅವನು ನಿಂತಾಗ ಹೊರಡು.

ಕೌಲ್‌ಬಜಾರ್_ಪಿಟೀಲು

ಮೇಷ್ಟ್ರ ಮಾತನ್ನು ಮುಕ್ಕಾಲು ಒಪ್ಪುತ್ತೇನೆ. ಆದರೆ ‘ಹೋಗಿದ್ದು ಯಾವಾಗ’ ಎಂಬ ಪ್ರಶ್ನೆಯನ್ನು ಸ್ಟುಡಿಯೋದ ಹೊರಗಿದ್ದವರು ಮಾತ್ರ ಕೇಳಬಲ್ಲರು. ಸದ್ದು ಉಳಿದಿತ್ತು, ನುಡಿಸುವವರು ಹೋಗಿದ್ದರು. ಇಳಯರಾಜ ಬರೆಯುತ್ತಲೇ ಇದ್ದರು, ನಿಜ. ಎಲ್ಲರೂ ಇಳಯರಾಜ ಆಗಿರಲಿಲ್ಲ. ಚೆನ್ನೈಯಲ್ಲಿ 2008ರಲ್ಲಿ ಎ. ಆರ್. ರೆಹಮಾನ್ ಸಂಗೀತ ಶಾಲೆ ತೆರೆದು ಮಕ್ಕಳಿಗೆ ವಯಲಿನ್, ವಯೋಲಾ, ಚೆಲೊ ಕಲಿಸಲು ಶುರು ಮಾಡಿದಾಗ ನಾನು ನಿಟ್ಟುಸಿರು ಬಿಟ್ಟೆ. ಮರಳಿ ಬರುವುದೆಂದರೆ ನನಗೆ ಅದು, ಕೂತು ನುಡಿಸುವ ಮಕ್ಕಳು.

ರಾಯಚೂರಿನ ಗೆಳೆಯರೇ, ಹತ್ತರಲ್ಲಿ ಒಂಬತ್ತು ಜನ ಕೇಳುವುದಿಲ್ಲ ಎಂದಿರಿ. ಆ ಹತ್ತನೆಯವಳು ಈಗ ಗಂಗಾವತಿಯಲ್ಲಿ ರಜೆಗೆ ಬಂದಿದ್ದಾಳೆ.

ರಾಯಚೂರು_ಮಿಕ್ಸಿಂಗ್

ಗುರುಗಳೇ, ಸೋತೆ. ಆದರೆ ಅವಳಿಗೆ ಆ ಹಾಡು ಸಿಕ್ಕಿದ್ದು ಮೊಬೈಲಿನಲ್ಲಿ ಎಂಬುದನ್ನೂ ಮರೆಯಬೇಡಿ.

ಅಣ್ಣನಿಗೆ ಕೆಲಸಕ್ಕೆ ಬರುವ ಮಾತು ಒಂದೆರಡು. ನಿಮ್ಮ ತಂಡದಲ್ಲಿ ಎರಡು ಕೀಬೋರ್ಡಿವೆ. ಇಬ್ಬರೂ ಕಾರ್ಡ್ ಹಿಡಿಯುವುದನ್ನು ಮೊದಲು ನಿಲ್ಲಿಸಿ. ಒಬ್ಬರು ಎಡಗೈಯಿಂದ ಚೆಲೊ ಟೋನಿನಲ್ಲಿ ಒಂಟಿ ಸ್ವರಗಳ ಸಾಲು, ಇನ್ನೊಬ್ಬರು ವಯೋಲಾದ ಮಟ್ಟದಲ್ಲಿ ಎರಡು ಸ್ವರಕ್ಕಿಂತ ಹೆಚ್ಚಿಲ್ಲದೆ. 49ನೆಯ ಸ್ಟ್ರಿಂಗ್ಸ್ ಟೋನಿನ ಬದಲು ಗಿಡ್ಡ ಕಮಾನಿನ ಟೋನ್ ಇದ್ದರೆ ಅದನ್ನು ಆರಿಸಿ. ವಾಲ್ಯೂಮ್ ಪೆಡಲನ್ನು ಕಾಲಿನ ಕೆಳಗೆ ಇಟ್ಟುಕೊಂಡು ಪ್ರತಿ ಸಾಲಿನ ಕೊನೆಯಲ್ಲೂ ಉಸಿರು ಬಿಟ್ಟಂತೆ ಇಳಿಸಿ. ಮೇಲಿನ ಸಾಲಿಗೆ ಮಾತ್ರ ಒಬ್ಬ ನಿಜವಾದ ವಾದಕ ಬೇಕು. ವಯಲಿನ್ ಸಿಗದಿದ್ದರೆ ಮದುವೆಯ ಬ್ಯಾಂಡ್ ಕಂಪನಿಯ ಕ್ಲಾರಿನೆಟ್‌ನವರನ್ನು ಕೇಳಿ, ನಮ್ಮ ಜಿಲ್ಲೆಗಳಲ್ಲಿ ಒಳ್ಳೆಯ ಊದುವವರು ಅಲ್ಲೇ ಇದ್ದಾರೆ.

ಗಂಗಾವತಿ_ಕೀಬೋರ್ಡ್

ಮೂವರಿಗೂ ಋಣಿ. ಭಾನುವಾರ ಪ್ರಯತ್ನಿಸಿ ನೋಡಿದೆವು, ಅದರ ವರದಿ ಒಪ್ಪಿಸುತ್ತಿದ್ದೇನೆ.

ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುವ ಕಾಕಾ ಒಬ್ಬರು ನಮ್ಮ ಓಣಿಯಲ್ಲೇ ಇದ್ದಾರೆ. ಅವರನ್ನು ಕರೆತಂದು ಮೊದಲ ಸಾಲು ಊದಿಸಿದೊಡನೆ ಎಲ್ಲವೂ ಬೇಸುರಾಯಿತು. ಅವರ ವಾದ್ಯದಲ್ಲಿ ‘ಸಿ’ ಎಂದು ಊದಿದರೆ ನನ್ನ ಕೀಬೋರ್ಡಿನಲ್ಲಿ ಅದು ‘ಬಿ ಫ್ಲ್ಯಾಟ್’, ಅಂದರೆ ಒಂದು ಪೂರ್ತಿ ಸ್ವರ ಕೆಳಗೆ. ಇಷ್ಟು ವರ್ಷ ಮದುವೆ ಮೆರವಣಿಗೆಯಲ್ಲಿ ಅವರ ಹಿಂದೆ ನಡೆದಿದ್ದರೂ ನನಗೆ ಇದು ಗೊತ್ತಿರಲಿಲ್ಲ. ಅವರು ನಕ್ಕು, “ನೀನು ಸ್ವರ ಹೇಳಬ್ಯಾಡ, ಹಾಡಿ ತೋರಿಸು” ಎಂದರು. ನಾನು ಹಾಡಿದೆ, ಅವರು ಊದಿದರು, ಸರಿಹೋಯಿತು.

ಕಾರ್ಡ್ ಬಿಡುವುದು ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಕಷ್ಟ. ಮೇಷ್ಟ್ರು ಹೇಳಿದ್ದು ಸತ್ಯ. ಗಾಯಕಿ ಮೇಲೆ ಹೋದರೆ ನನ್ನ ಬೆರಳು ತಾನಾಗಿ ಮೇಲೆ ಹೋಗುತ್ತದೆ. ಎಡಗೈ ಒಂದೇ ಸ್ವರ ಹಿಡಿದಿರಲಿ ಎಂದು ಕಿರುಬೆರಳಿನ ಕೀ ಮೇಲೆ ಬಿಳಿ ಟೇಪು ಅಂಟಿಸಿಕೊಂಡು ಕೂತೆ. ಮೂರನೆಯ ಸುತ್ತಿನಲ್ಲಿ ಪಲ್ಲವಿಯ ಎರಡು ಸಾಲು ಸರಿಯಾಗಿ ಬಂತು: ಕೆಳಗೆ ನನ್ನ ಒಂಟಿ ಸ್ವರ, ನಡುವೆ ಎರಡನೆಯ ಕೀಬೋರ್ಡಿನವನ ಇಳಿಕೆ, ಮೇಲೆ ಕಾಕಾನ ಕ್ಲಾರಿನೆಟ್ ಗಾಯಕಿಗೆ ಎದುರಾಗಿ. ಚರಣಕ್ಕೆ ಹೋಗುವಷ್ಟರಲ್ಲಿ ಕರೆಂಟು ಹೋಯಿತು. ಕೀಬೋರ್ಡುಗಳು ಸತ್ತವು, ಕಾಕಾ ಮಾತ್ರ ತಮ್ಮ ಸಾಲನ್ನು ಕೊನೆಯವರೆಗೂ ಊದಿ ಮುಗಿಸಿದರು. ಅಕ್ಕನ ಮಗಳು ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಾಳೆ. ಇನ್ನೂ ಏನೂ ಹೇಳಿಲ್ಲ, ಆದರೆ ಎರಡು ಸಲ ಹಾಕಿ ಕೇಳಿದಳು.

ಈಗಿರುವ ತೊಡಕು ಬೇರೆ. ಮುಂದಿನ ತಿಂಗಳ ನಮ್ಮ ಕಾರ್ಯಕ್ರಮದ ದಿನವೇ ಕಾಕಾನಿಗೆ ಕಾರಟಗಿಯಲ್ಲಿ ಎರಡು ಮದುವೆ ಇವೆ. ಪಿಟೀಲು ಗುರುಗಳೇ, ಬಳ್ಳಾರಿಯಿಂದ ಗಂಗಾವತಿ ದೂರವೇನಲ್ಲ. ಪೆಟ್ಟಿಗೆ ತೆಗೆದು ಒಂದು ಸಂಜೆ ಬರಲು ಸಾಧ್ಯವೇ? ನಿಮ್ಮ ಸಾಲಿನ ಹಾಳೆಯನ್ನು ನೀವೇ ಬರೆದುಕೊಳ್ಳಿ. ನಮ್ಮಿಬ್ಬರ ಕೀಬೋರ್ಡಿನದನ್ನೂ ಬರೆದು ತಂದರೆ ಇನ್ನೂ ಉಪಕಾರ.